ಆರು ಇನ್ನಿಂಗ್ಸ್ ಗೆದ್ದು ಮೂರರಲ್ಲಿ ಸೋತವರು: 2020ರ ಫಿಲೀಸ್ ಬುಲ್‌ಪೆನ್

ಚೆರಿಹಿಲ್ ಕನ್ನಡಿಗ:

2020ರ ಬೇಸಿಗೆಯಲ್ಲಿ ನಮ್ಮ ಅಪ್ಪ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಸಿಕ್ಕಿಕೊಂಡಿದ್ದರು. ಫೆಬ್ರುವರಿಯಲ್ಲಿ ಮೊಮ್ಮಗಳ ನಾಮಕರಣಕ್ಕೆ ಬಂದವರು ಅಕ್ಟೋಬರ್‌ವರೆಗೆ ಮೈಸೂರಿಗೆ ಹಿಂತಿರುಗಲು ಆಗಲಿಲ್ಲ. ಮೂವತ್ತು ವರ್ಷ ಊರಿನ ಕ್ಲಬ್ ಪಂದ್ಯಗಳಲ್ಲಿ ಅಂಪೈರಿಂಗ್ ಮಾಡಿದ ಮನುಷ್ಯ. ಟಿವಿಯಲ್ಲಿ ಕ್ರಿಕೆಟ್ ಇಲ್ಲ, ಹೊರಗೆ ಹೋಗುವಂತಿಲ್ಲ. ಜುಲೈ ಕೊನೆಯಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಬೇಸ್‌ಬಾಲ್ ಶುರುವಾದಾಗ ಅವರೂ ಸೋಫಾದ ಒಂದು ಮೂಲೆ ಹಿಡಿದರು.

ಮೂರು ವಾರದೊಳಗೆ ಅವರಿಗೊಂದು ಅಭ್ಯಾಸ ಬಂತು. ಫಿಲಡೆಲ್ಫಿಯಾ ನಗರದ ತಂಡ ಫಿಲೀಸ್‌ನ ಮ್ಯಾನೇಜರ್ ಜೋ ಗಿರಾರ್ಡಿ ಆರಂಭಿಕ ಪಿಚರ್‌ನನ್ನು, ಅಂದರೆ ಮೊದಲು ಚೆಂಡೆಸೆಯುವವನನ್ನು, ಬದಲಿಸಲು ಮೆಟ್ಟಿಲು ಹತ್ತಿ ಬಂದ ಕೂಡಲೇ ಅಪ್ಪ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಡುತ್ತಿದ್ದರು. "ಹಾಲು ಉಕ್ಕುವುದರೊಳಗೆ ಪಂದ್ಯ ಉಕ್ಕಿರುತ್ತದೆ ನೋಡು" ಎನ್ನುತ್ತಿದ್ದರು. ಹೆಚ್ಚಿನ ದಿನ ಅವರ ಮಾತು ಸುಳ್ಳಾಗಲಿಲ್ಲ.

ಆ ವರ್ಷ ಫಿಲೀಸ್ ಬುಲ್‌ಪೆನ್‌ನ ಇಆರ್‌ಎ 7.06. ಅದಕ್ಕಿಂತ ಕೆಟ್ಟದ್ದು ಬೇಕೆಂದರೆ 90 ವರ್ಷ ಹಿಂದಕ್ಕೆ, 1930ಕ್ಕೆ ಹೋಗಬೇಕು. ಅಲ್ಲಿ ಸಿಗುವುದೂ ಇದೇ ಫಿಲೀಸ್ ತಂಡ, 8.01. ಅರವತ್ತು ಪಂದ್ಯಗಳ ಆ ಮೊಟಕು ಋತುವಿನಲ್ಲಿ 28 ಗೆದ್ದು 32 ಸೋತರು. ಆ ವರ್ಷ ಪ್ರತಿ ಲೀಗ್‌ನಿಂದ ಎಂಟೆಂಟು ತಂಡಗಳಿಗೆ ಪ್ಲೇಆಫ್ ಬಾಗಿಲು ತೆರೆದಿದ್ದರು. ಎಂಟನೆಯ ಸ್ಥಾನ 29–31ರ ಮಿಲ್ವಾಕಿ ಬ್ರೂವರ್ಸ್‌ಗೆ ಹೋಯಿತು. ಒಂದೇ ಒಂದು ಪಂದ್ಯದ ಅಂತರ.

ಹೊಡೆಯಲು ಹಾರ್ಪರ್ ಇದ್ದ, ರಿಯಲ್‌ಮ್ಯೂಟೊ ಇದ್ದ, ಆರಂಭಿಕ ಪಿಚರ್‌ಗಳಲ್ಲಿ ವ್ಹೀಲರ್ 2.92 ಇಆರ್‌ಎಯಲ್ಲಿ ಎಸೆಯುತ್ತಿದ್ದ, ನೋಲಾ 3.28ರಲ್ಲಿ. ಇಂಥ ತಂಡದ ಋತುವನ್ನು ಬುಲ್‌ಪೆನ್ ಒಂದೇ ನುಂಗಿತು ಎಂದು ನಾನು ಐದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಯಾರಾದರೂ ಬೇರೆ ಹೇಳುವುದಿದ್ದರೆ ಹೇಳಿ.

ಹೊಸಬ:

ಸರ್, ನಾನು ಷಿಕಾಗೋಗೆ ಬಂದು ಆರು ತಿಂಗಳಾಯಿತು, ಆಟ ಈಗಷ್ಟೇ ಅರ್ಥವಾಗುತ್ತಿದೆ. ಬುಲ್‌ಪೆನ್ ಎಂದರೆ ಜಾಗವೋ ಮನುಷ್ಯರೋ? ಇಆರ್‌ಎ 7.06 ಎಂದರೆ ಎಷ್ಟು ಕೆಟ್ಟದ್ದು?

ದಕ್ಷಿಣ ಫಿಲಿ:

ಎರಡೂ ಹೌದು ತಮ್ಮ. ಮೈದಾನದ ಅಂಚಿನಲ್ಲಿ ಬದಲಿ ಪಿಚರ್‌ಗಳು ಕೈ ಕಾಯಿಸಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎನ್ನುತ್ತಾರೆ, ಅಲ್ಲಿ ಕುಳಿತ ಏಳೆಂಟು ಜನರ ಗುಂಪಿಗೂ ಅದೇ ಹೆಸರು. ಆರಂಭಿಕ ಪಿಚರ್ ಐದೋ ಆರೋ ಇನ್ನಿಂಗ್ಸ್ ಎಸೆದು ದಣಿದಾಗ ಡಗೌಟ್‌ನಿಂದ ಅಲ್ಲಿಗೆ ಫೋನ್ ಹೋಗುತ್ತದೆ. ಒಬ್ಬ ಎದ್ದು ಬರುತ್ತಾನೆ. ಉಳಿದ ಮೂರು ಇನ್ನಿಂಗ್ಸ್‌ನ ಮುನ್ನಡೆ ಕಾಯುವುದು ಅವರ ಕೆಲಸ. ಒಂಬತ್ತನೆಯದನ್ನು ಮುಗಿಸುವವನು ಕ್ಲೋಸರ್.

ಇಆರ್‌ಎ ಎಂದರೆ ಒಬ್ಬ ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಡುತ್ತಾನೆ ಎಂಬ ಲೆಕ್ಕ. ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ರನ್ ಅದರಲ್ಲಿ ಸೇರುವುದಿಲ್ಲ. ನಾಲ್ಕರ ಆಸುಪಾಸು ಇದ್ದರೆ ಸಂಸಾರ ನಡೆಯುತ್ತದೆ. ಐದಾದರೆ ಮನೆಯಲ್ಲಿ ಜಗಳ. ಏಳು ಎಂದರೆ ಮನೆಗೆ ಬೀಗ.

ನಮ್ಮೂರಿನ ಕ್ರೀಡಾಂಗಣದಲ್ಲಿ ಎರಡು ಬುಲ್‌ಪೆನ್‌ಗಳು ಒಂದರ ಮೇಲೊಂದು ಇವೆ, ಅಟ್ಟದ ಹಾಗೆ. 2004ರಲ್ಲಿ ಸಿಟಿಜನ್ಸ್ ಬ್ಯಾಂಕ್ ಪಾರ್ಕ್ ತೆರೆಯುವಾಗ ಮೇಲಿನದು ನಮ್ಮವರಿಗೆ ಎಂದು ಗೊತ್ತುಮಾಡಿದ್ದರು. ಪ್ರೇಕ್ಷಕರಿಗೆ ಅಷ್ಟು ಹತ್ತಿರ ಕೂತರೆ ನಮ್ಮ ಜನರ ಬೈಗುಳಕ್ಕೆ ನಮ್ಮ ಪಿಚರ್‌ಗಳೇ ಸಿಗುತ್ತಾರೆ ಎಂದು ಅರಿವಾಗಿ ಅದಲುಬದಲು ಮಾಡಿದರು. ಈಗ ಮೇಲೆ ಎದುರಾಳಿ, ಕೆಳಗೆ ನಾವು. ಈ ಊರು ಎಂಥದ್ದೆಂದು ಇದರಲ್ಲೇ ತಿಳಿದುಕೊಳ್ಳಿ. 2020ರಲ್ಲಿ ಒಳಗೆ ಯಾರನ್ನೂ ಬಿಡಲಿಲ್ಲ. ಆದರೂ ಒಂದಷ್ಟು ಜನ ಗೇಟಿನ ಹೊರಗೆ ನಿಂತು, ಸರಳುಗಳ ಸಂದಿಯಿಂದ ಇಣುಕಿ, ಏರ್ ಹಾರ್ನ್ ಊದುತ್ತಿದ್ದರು. ನಾನೂ ಒಂದು ಸಂಜೆ ಹೋಗಿದ್ದೆ. ಎಂಟನೆಯ ಇನ್ನಿಂಗ್ಸ್ ಹೊತ್ತಿಗೆ ಹಾರ್ನ್ ಕೂಡ ಸುಮ್ಮನಾಗಿತ್ತು.

ಸರಸ್ವತಿಪುರಂ ಆಫ್‌ಸ್ಪಿನ್:

ಇದು ನಮಗೆ ಹೊಸದೇನಲ್ಲವಲ್ಲ. ಆರ್‌ಸಿಬಿಯ ಕೊನೆಯ ಓವರ್‌ಗಳನ್ನು ನೋಡಿದ ಯಾವ ಕನ್ನಡಿಗನಿಗೂ ಬುಲ್‌ಪೆನ್ ವಿವರಿಸಬೇಕಾಗಿಲ್ಲ. 2019ರ ಏಪ್ರಿಲ್ 5, ಚಿನ್ನಸ್ವಾಮಿ ಕ್ರೀಡಾಂಗಣ. ನಾವು 205. ಕೊಲ್ಕತ್ತಾಗೆ ಕೊನೆಯ 18 ಎಸೆತಗಳಲ್ಲಿ 53 ಬೇಕಿತ್ತು. ರಸೆಲ್ 13 ಎಸೆತಗಳಲ್ಲಿ 48 ಹೊಡೆದು, ಐದು ಎಸೆತ ಬಾಕಿ ಇರುವಾಗಲೇ ಮನೆಗೆ ಕಳುಹಿಸಿದ. ಕೊಹ್ಲಿ 84, ಡಿವಿಲಿಯರ್ಸ್ 63 ಯಾರಿಗೆ ನೆನಪಿದೆ? ನಿಮ್ಮ ಹಾರ್ಪರ್, ನಮ್ಮ ಕೊಹ್ಲಿ. ಕತೆ ಒಂದೇ.

ಚೆರಿಹಿಲ್ ಕನ್ನಡಿಗ:

ಅಪ್ಪ ಕೂಡ ಮೊದಲ ವಾರ ಇದನ್ನೇ ಹೇಳಿದರು ಸರ್. ಆಮೇಲೆ ಅವರೇ ತಿದ್ದಿಕೊಂಡರು. ಟಿ20 ಕ್ರಿಕೆಟ್‌ನಲ್ಲಿ ಕೆಟ್ಟ ಬೌಲರ್‌ಗೂ ನಾಲ್ಕೇ ಓವರ್, ಒಂದು ಓವರ್‌ಗೆ ಆರೇ ಎಸೆತ. ಎಷ್ಟು ಹೊಡೆಸಿಕೊಂಡರೂ ನಿಯಮವೇ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸುತ್ತದೆ. ಬೇಸ್‌ಬಾಲ್‌ನಲ್ಲಿ ಮೂವರು ಔಟಾಗುವವರೆಗೆ ಇನ್ನಿಂಗ್ಸ್ ಮುಗಿಯುವುದೇ ಇಲ್ಲ. ಅದರ ಮೇಲೆ 2020ರಲ್ಲೇ ಹೊಸ ನಿಯಮ ತಂದರು: ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ಒಬ್ಬನ ಕೈ ಆ ದಿನ ಓಡುತ್ತಿಲ್ಲ ಎಂದು ಮೊದಲ ಬ್ಯಾಟರ್‌ನಲ್ಲೇ ಗೊತ್ತಾದರೂ ನೋಡುತ್ತಾ ಕೂರಬೇಕು. ಇನ್ನೊಂದು: ಒಮ್ಮೆ ಹೊರಗೆ ಕಳುಹಿಸಿದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಬೂಮ್ರಾನನ್ನು ಎರಡು ಓವರ್ ಮಾಡಿಸಿ, ಕೊನೆಗೆಂದು ಎರಡು ಉಳಿಸಿಕೊಳ್ಳುವ ಸೌಕರ್ಯ ಇಲ್ಲಿಲ್ಲ. ವ್ಹೀಲರ್ ಹೋದ ಎಂದರೆ ಹೋದ.

ಅಪ್ಪ ಹೇಳಿದ್ದು: "ಇದು ಬೌಲಿಂಗ್ ಅಲ್ಲಪ್ಪ, ಹೊಳೆಗೆ ಕಟ್ಟೆ ಕಾಯುವ ಕೆಲಸ."

ಸರಸ್ವತಿಪುರಂ ಆಫ್‌ಸ್ಪಿನ್:

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅಂಪೈರ್ ಎಂದಿರಿ, ನನ್ನನ್ನೂ ಒಂದೆರಡು ಸಲ ಔಟ್ ಕೊಟ್ಟಿರಬಹುದು.

ಲೆಕ್ಕದ ಪುಸ್ತಕ:

ಭಾವುಕತೆ ಸಾಕು, ಒಂದಿಷ್ಟು ಲೆಕ್ಕ ಹೇಳುತ್ತೇನೆ.

ಮೊದಲನೆಯದಾಗಿ 7.06 ಎಂಬ ಸಂಖ್ಯೆ ನಿಜಕ್ಕಿಂತ ಒಳ್ಳೆಯದಾಗಿಯೂ ಕಾಣುತ್ತದೆ, ನಿಜಕ್ಕಿಂತ ಕೆಟ್ಟದಾಗಿಯೂ ಕಾಣುತ್ತದೆ. ಒಳ್ಳೆಯದಾಗಿ ಏಕೆಂದರೆ, ಬದಲಿ ಪಿಚರ್ ಬರುವಾಗ ಬೇಸ್‌ಗಳ ಮೇಲೆ, ಅಂದರೆ ರನ್‌ಗೆ ಓಡುವ ದಾರಿಯ ನಿಲ್ದಾಣಗಳಲ್ಲಿ, ಈಗಾಗಲೇ ಇದ್ದ ಓಟಗಾರರು ಗೆರೆ ದಾಟಿದರೆ ಆ ರನ್ ಹಿಂದಿನ ಪಿಚರ್‌ನ ಖಾತೆಗೆ ಹೋಗುತ್ತದೆ. ನೋಲಾ ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಹೊರಟ, ಒಳಗೆ ಬಂದವನು ಮೊದಲ ಎಸೆತಕ್ಕೇ ಹೋಮ್ ರನ್ (ಸಿಕ್ಸರ್‌ನ ಹಾಗೆ ಗೋಡೆಯಾಚೆಗಿನ ಹೊಡೆತ) ಕೊಟ್ಟ ಎನ್ನಿ. ಮೂರು ರನ್‌ನಲ್ಲಿ ಎರಡು ನೋಲಾನ ತಲೆಗೆ, ಒಂದು ಮಾತ್ರ ಬಂದವನಿಗೆ. ಸಾಲ ಮಾಡಿದವನು ಒಬ್ಬ, ಬಡ್ಡಿ ಕಟ್ಟುವವನು ಇನ್ನೊಬ್ಬ. ಅಂದರೆ ಫಿಲೀಸ್ ಬುಲ್‌ಪೆನ್ ಮಾಡಿದ ಹಾನಿಯ ಒಂದು ಪಾಲು ಆ 7.06ರೊಳಗೆ ಇಲ್ಲವೇ ಇಲ್ಲ, ಆರಂಭಿಕರ ಲೆಕ್ಕದಲ್ಲಿ ಅಡಗಿದೆ.

ಕೆಟ್ಟದಾಗಿ ಏಕೆಂದರೆ, ಅರವತ್ತೇ ಪಂದ್ಯ. ಮಾಮೂಲಿ ಋತು 162ರದ್ದು. ಬದಲಿ ಪಿಚರ್ ಒಬ್ಬ ಪೂರ್ಣ ಋತುವಿನಲ್ಲೇ ಅರವತ್ತು–ಎಪ್ಪತ್ತು ಇನ್ನಿಂಗ್ಸ್ ಎಸೆಯುವವನು. 2020ರಲ್ಲಿ ಅವನ ಪಾಲಿಗೆ ಬಂದದ್ದು ಇಪ್ಪತ್ತೋ ಇಪ್ಪತ್ತೈದೋ. ಎರಡು ಕೆಟ್ಟ ರಾತ್ರಿ ಸಾಕು, ಅಂಕಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಬ್ರಾಡ್ ಲಿಜ್‌ನನ್ನೇ ನೋಡಿ, ಇದೇ ಫಿಲೀಸ್ ತಂಡದ ಕ್ಲೋಸರ್. 2008ರಲ್ಲಿ ಋತು ಮತ್ತು ಪ್ಲೇಆಫ್ ಸೇರಿ 48 ಅವಕಾಶ, 48 ಸೇವ್ (ಮುನ್ನಡೆ ಉಳಿಸಿ ಪಂದ್ಯ ಮುಗಿಸುವುದು), ಕೊನೆಯ ಎಸೆತಕ್ಕೆ ಆಟದ ಅಂತಿಮ ಪಟ್ಟವಾದ ವಿಶ್ವ ಸರಣಿಯೂ ಕೈಗೆ ಬಂತು. ಮರು ವರ್ಷ ಅದೇ ಲಿಜ್, ಅದೇ ತೋಳು, ಅದೇ ಸ್ಲೈಡರ್ ಎಸೆತ: ಇಆರ್‌ಎ 7.21, ಕೈತಪ್ಪಿದ ಸೇವ್ 11, ಗೆಲುವು ಸೊನ್ನೆ, ಸೋಲು ಎಂಟು. ಬದಲಿ ಪಿಚರ್‌ಗಳ ಮೇಲೆ ಭವಿಷ್ಯ ನುಡಿಯುವುದಕ್ಕಿಂತ ಪಂಚಾಂಗ ನೋಡಿ ಮಳೆ ಹೇಳುವುದು ಸುಲಭ.

1930ರ ಹೋಲಿಕೆಯೂ ಪೂರ್ತಿ ನ್ಯಾಯವಲ್ಲ. ಆ ಫಿಲೀಸ್ ಆಡುತ್ತಿದ್ದ ಬೇಕರ್ ಬೌಲ್ ಕ್ರೀಡಾಂಗಣದಲ್ಲಿ ಬಲಗಡೆಯ ಗೋಡೆ 280 ಅಡಿಗೇ ಇತ್ತು. ತಂಡದ ಬ್ಯಾಟಿಂಗ್ ಸರಾಸರಿ .315, ಚಕ್ ಕ್ಲೈನ್ ಒಬ್ಬನೇ 170 ರನ್ ಬರಿಸಿದ. ಇಷ್ಟು ಹೊಡೆದೂ 102 ಪಂದ್ಯ ಸೋತರು. ಆಗ ಬುಲ್‌ಪೆನ್ ಎಂಬುದೇ ಬೇರೆ ಜಾತಿ, ಆರಂಭಿಕನಾಗಲು ಯೋಗ್ಯತೆ ಸಾಲದವರನ್ನು ಕೂರಿಸುವ ಬೆಂಚು. ಆದರೆ .315 ಹೊಡೆದರೂ ಕೊನೆಯ ಸ್ಥಾನಕ್ಕೆ ಇಳಿಯಬಹುದು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪೊಟೊಮ್ಯಾಕ್ ತೀರ:

ವಾಷಿಂಗ್ಟನ್‌ನಿಂದ ಒಂದು ಮಾತು. ಬುಲ್‌ಪೆನ್ ಕೆಟ್ಟಿತು ಎಂದ ಮಾತ್ರಕ್ಕೆ ಋತು ಕೆಡಬೇಕಾಗಿಲ್ಲ. 2019ರ ನಮ್ಮ ನ್ಯಾಷನಲ್ಸ್ ಬುಲ್‌ಪೆನ್ ಇಆರ್‌ಎ 5.66, ನ್ಯಾಷನಲ್ ಲೀಗ್‌ನಲ್ಲೇ ಕೊನೆ. ಮೇ ತಿಂಗಳಲ್ಲಿ 19–31 ಇದ್ದೆವು. ಅಕ್ಟೋಬರ್ ಕೊನೆಗೆ ವಿಶ್ವ ಸರಣಿ ಗೆದ್ದೆವು.

ಹೇಗೆ ಗೆದ್ದೆವು ಎಂಬುದು ಮುಖ್ಯ. ಜುಲೈ 31ರಂದು ಡೇನಿಯಲ್ ಹಡ್ಸನ್ ಮತ್ತು ಇನ್ನಿಬ್ಬರನ್ನು ತಂದೆವು. ಆದರೂ ನಂಬಿಕೆಗೆ ಅರ್ಹರಾಗಿದ್ದವರು ಹಡ್ಸನ್ ಮತ್ತು ಶಾನ್ ಡೂಲಿಟಲ್ ಇಬ್ಬರೇ. ಆದ್ದರಿಂದ ಪ್ಲೇಆಫ್‌ನಲ್ಲಿ ಮ್ಯಾನೇಜರ್ ಡೇವ್ ಮಾರ್ಟಿನೆಜ್ ಬುಲ್‌ಪೆನ್ ಬಾಗಿಲನ್ನೇ ಮುಚ್ಚಿಬಿಟ್ಟ. ಆರಂಭಿಕ ಪಿಚರ್ ಆದ ಸ್ಟ್ರಾಸ್‌ಬರ್ಗ್ ಪ್ಲೇಆಫ್‌ನ ಆರಂಭದ ವೈಲ್ಡ್ ಕಾರ್ಡ್ ಪಂದ್ಯದಲ್ಲಿ ಬದಲಿಯಾಗಿ ಬಂದು ಮೂರು ಇನ್ನಿಂಗ್ಸ್ ಎಸೆದ. ಶೆರ್ಜರ್ ಕೂಡ ಆರಂಭಿಕನಲ್ಲದ ದಿನ ಎದ್ದು ಬಂದ. ವಿಶ್ವ ಸರಣಿಯ ಏಳನೆಯ ಪಂದ್ಯದಲ್ಲಿ ಪ್ಯಾಟ್ರಿಕ್ ಕಾರ್ಬಿನ್ ನಡುವಿನ ಮೂರು ಇನ್ನಿಂಗ್ಸ್ ರನ್ ಕೊಡದೆ ದಾಟಿಸಿ ಹಡ್ಸನ್ ಕೈಗಿಟ್ಟ. ಎಲ್ಲವೂ ಸುಸೂತ್ರವಾಗಿರಲಿಲ್ಲ. ಇದೇ ಕಾರ್ಬಿನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ ಮೂರನೆಯ ಪಂದ್ಯದಲ್ಲಿ ಬದಲಿಯಾಗಿ ಬಂದು ಒಂದೇ ಇನ್ನಿಂಗ್ಸ್‌ನಲ್ಲಿ ಆರು ರನ್ ಕೊಟ್ಟಿದ್ದ. ಆದರೂ ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನು ಸರಿಯಾದ ಜಾಗದಲ್ಲಿಟ್ಟರೆ ಒಂದು ರಾತ್ರಿ ಮಲಗಬಹುದು.

ಸೆಪ್ಟೆಂಬರ್ 3ರ ಪಂದ್ಯವನ್ನೂ ಹೇಳಬೇಕು. ಒಂಬತ್ತನೆಯ ಇನ್ನಿಂಗ್ಸ್‌ಗೆ ನ್ಯೂಯಾರ್ಕ್ ಮೆಟ್ಸ್ 10, ನಾವು 4. ನಾನು ಟಿವಿ ಆರಿಸಿ ಪಾತ್ರೆ ತೊಳೆಯಲು ಹೋದೆ. ಏಳು ರನ್ ಬಂತು, ಎಡ್ವಿನ್ ಡಿಯಾಜ್‌ಗೆ ಕರ್ಟ್ ಸುಜುಕಿ ಹೊಡೆದ ಹೋಮ್ ರನ್‌ನಿಂದ 11–10. ಅಂದರೆ ನಮ್ಮ ಬುಲ್‌ಪೆನ್ ಕೆಟ್ಟದ್ದು ಎನ್ನುವಾಗ ಎದುರಿನವನದ್ದೂ ಅಷ್ಟೇ ಕೆಟ್ಟದ್ದಿರಬಹುದು ಎಂಬುದನ್ನು ಮರೆಯಬಾರದು.

ಚೆರಿಹಿಲ್ ಕನ್ನಡಿಗ:

ಒಪ್ಪಿದೆ, ಆದರೆ ಪ್ಲೇಆಫ್‌ನಲ್ಲಿ ನಡುನಡುವೆ ಬಿಡುವಿನ ದಿನಗಳಿವೆ. ಆರಂಭಿಕನನ್ನು ಸಾಲ ತೆಗೆದು ಬದಲಿಯಾಗಿ ಬಳಸಬಹುದು. 2020ರ ಫಿಲೀಸ್‌ಗೆ ಆ ಐಷಾರಾಮ ಎಲ್ಲಿತ್ತು? ಮೊದಲ ಮೂರು ಪಂದ್ಯ ಮಯಾಮಿ ಮಾರ್ಲಿನ್ಸ್ ಜೊತೆ. ಮಾರ್ಲಿನ್ಸ್ ಆಟಗಾರರಿಗೆ ಕೋವಿಡ್ ಹರಡಿತು, ನಮ್ಮವರು ಒಂದು ವಾರ ಮನೆಯಲ್ಲಿ ಕುಳಿತರು. ಆಗಸ್ಟ್ 3ಕ್ಕೆ ಮತ್ತೆ ಶುರು, ಸೆಪ್ಟೆಂಬರ್ 27ಕ್ಕೆ ಮುಕ್ತಾಯ. 56 ದಿನ, 57 ಪಂದ್ಯ. ಒಂದೇ ದಿನ ಎರಡೆರಡು ಪಂದ್ಯ. ಗಟ್ಟಿ ಬುಲ್‌ಪೆನ್ ಕೂಡ ಬಳಲುವ ವೇಳಾಪಟ್ಟಿ ಅದು.

ಆಗಸ್ಟ್ 20ರ ದಿನ ನೆನಪಿದೆ. ಬಫಲೋದಲ್ಲಿ ಟೊರಾಂಟೊ ವಿರುದ್ಧ ಎರಡು ಪಂದ್ಯ. ಗಡಿ ಮುಚ್ಚಿದ್ದರಿಂದ ಟೊರಾಂಟೊ ತಂಡ ಆ ವರ್ಷ ಬಫಲೋವನ್ನೇ ಮನೆ ಮಾಡಿಕೊಂಡಿತ್ತು. ಮೊದಲನೆಯದು 3–2ರಲ್ಲಿ ಹೋಯಿತು. ಎರಡನೆಯದರ ಮೊದಲ ಇನ್ನಿಂಗ್ಸ್‌ನಲ್ಲೇ ಏಳು ರನ್ ಮುನ್ನಡೆ. ಆ ವರ್ಷದ ನಿಯಮದಂತೆ ಅದು ಏಳೇ ಇನ್ನಿಂಗ್ಸ್‌ನ ಪಂದ್ಯ. ಏಳು ರನ್, ಏಳು ಇನ್ನಿಂಗ್ಸ್. ಅಪ್ಪ ಕಾಫಿಯ ಮಾತೆತ್ತಲಿಲ್ಲ, ಕಾಲು ಚಾಚಿ ಕುಳಿತರು. ಸೋತರು. 9–8. ಅದೇ ದಿನ ಬದಲಿ ಪಿಚರ್ ಹೋಸೆ ಆಲ್ವಾರೆಜ್‌ಗೆ ನೇರ ಹೊಡೆದ ಚೆಂಡು ಎಂಥ ಜಾಗಕ್ಕೆ ಬಡಿಯಿತೆಂದರೆ, ಮನೆಯ ಹೆಂಗಸರ ಎದುರು ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡರು. ಅದಿಷ್ಟೂ ದಿನ ಚೆನ್ನಾಗಿ ಎಸೆಯುತ್ತಿದ್ದ ಒಬ್ಬನೂ ಅಲ್ಲಿಗೆ ಮುಗಿದ.

ಮರುದಿನವೇ ಬಾಸ್ಟನ್‌ನಿಂದ ಬ್ರ್ಯಾಂಡನ್ ವರ್ಕ್‌ಮನ್ ಮತ್ತು ಹೀತ್ ಹೆಂಬ್ರಿ ಇಬ್ಬರನ್ನು ತಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆ ಬಾಗಿಲಿಗೂ ಚಿಲಕ ಇರಲಿಲ್ಲ. ಹಿಂದಿನ ವರ್ಷ ಇಆರ್‌ಎ 1.88 ಇದ್ದ ವರ್ಕ್‌ಮನ್ ಇಲ್ಲಿ 6.92. ಹೆಂಬ್ರಿ 12.54. ಆಗಸ್ಟ್ 31ರಂದು ಮಿಲ್ವಾಕಿಯಿಂದ ಡೇವಿಡ್ ಫೆಲ್ಪ್ಸ್ ಬಂದ, 12.91. ತನ್ನ ಬದಲಿ ಪಿಚರ್‌ನನ್ನು ನಮಗೆ ಮಾರಿ, ನಮ್ಮ ಸ್ಥಾನವನ್ನೂ ತಾನೇ ತೆಗೆದುಕೊಂಡ ತಂಡ ಅದೇ ಮಿಲ್ವಾಕಿ. ಇದಕ್ಕಿಂತ ಚೆನ್ನಾಗಿ ವ್ಯಾಪಾರ ಮಾಡಿದವರನ್ನು ನಾನು ಚಿಕ್ಕಪೇಟೆಯಲ್ಲೂ ನೋಡಿಲ್ಲ.

ದಕ್ಷಿಣ ಫಿಲಿ:

ವರ್ಕ್‌ಮನ್‌ಗಾಗಿ ಕೊಟ್ಟದ್ದು ಯಾರನ್ನು ಎಂದೂ ಹೇಳಿ. ನಿಕ್ ಪಿವೆಟ್ಟಾ. ನಮ್ಮಲ್ಲಿ ಅವನ ಇಆರ್‌ಎ ಆ ವರ್ಷ 15.88; ಹೋಗಲಿ ಬಿಡಿ ಎಂದು ನಾನೇ ಕೈ ಮುಗಿದಿದ್ದೆ. 2021ರ ಅಕ್ಟೋಬರ್‌ನಲ್ಲಿ ಟ್ಯಾಂಪಾ ವಿರುದ್ಧದ ಪಂದ್ಯ 13 ಇನ್ನಿಂಗ್ಸ್‌ಗೆ ಎಳೆದಾಗ ಬಾಸ್ಟನ್‌ಗಾಗಿ ಬದಲಿಯಾಗಿ ಬಂದು ನಾಲ್ಕು ಇನ್ನಿಂಗ್ಸ್ ರನ್ ಕೊಡದೆ ಎಸೆದು, ಮುಷ್ಟಿ ಬಿಗಿದು ಕಿರುಚಿದ. ನಾನು ಟಿವಿಗೆ ಚಪ್ಪಲಿ ಎಸೆಯಲಿಲ್ಲ, ಅಷ್ಟೇ.

ಇನ್ನು ನಮ್ಮ ಕ್ಲೋಸರ್ ಆಗಿದ್ದ ಹೆಕ್ಟರ್ ನೆರಿಸ್. ಅವನ ಸ್ಪ್ಲಿಟರ್ ಎಸೆತ ಕೆಳಗೆ ಬಿದ್ದ ದಿನ ದೇವರು, ಬೀಳದ ದಿನ ದೆವ್ವ. 2021ರ ನಂತರ ಹ್ಯೂಸ್ಟನ್‌ಗೆ ಹೋದ. 2022ರ ವಿಶ್ವ ಸರಣಿಯಲ್ಲಿ ನಮ್ಮ ಎದುರಿನ ಬುಲ್‌ಪೆನ್‌ನಲ್ಲೇ ಕುಳಿತು ಗೆದ್ದ ತಂಡದ ಉಂಗುರ ಪಡೆದ. ಇಲ್ಲಿಂದ ಹೋದವರೆಲ್ಲ ಚೆನ್ನಾಗಿದ್ದಾರೆ, ಸಂತೋಷ.

ಲೆಕ್ಕದ ಪುಸ್ತಕ:

ಕಾರಣದ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಇದು ದುರದೃಷ್ಟ ಮಾತ್ರವಲ್ಲ, ಖರ್ಚಿನ ತೀರ್ಮಾನವೂ ಹೌದು. 2019ರ ಜನವರಿಯಲ್ಲಿ ಡೇವಿಡ್ ರಾಬರ್ಟ್‌ಸನ್‌ಗೆ ಎರಡು ವರ್ಷಕ್ಕೆ 2.3 ಕೋಟಿ ಡಾಲರ್ ಕೊಟ್ಟರು. ಏಳು ಪಂದ್ಯ ಎಸೆದು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ, 2020 ಪೂರ್ತಿ ಇಲ್ಲ. ಸೆರಾಂಥನಿ ಡೊಮಿಂಗೆಜ್‌ನದ್ದೂ ಅದೇ ಮೊಣಕೈ ಕತೆ. ಕೈ ಸುಟ್ಟುಕೊಂಡವರು ಮುಂದಿನ ಚಳಿಗಾಲದಲ್ಲಿ ವ್ಹೀಲರ್‌ಗೆ ಐದು ವರ್ಷಕ್ಕೆ 11.8 ಕೋಟಿ ಡಾಲರ್ ಕೊಟ್ಟರು, ಅದು ಸರಿಯೇ. ಆ ಹೊತ್ತಿಗೆ 20.8 ಕೋಟಿಯ ವಿಲಾಸ ತೆರಿಗೆಯ ಗೆರೆ, ಅಂದರೆ ಒಟ್ಟು ಸಂಬಳ ಮೀರಿದರೆ ದಂಡ ಕಟ್ಟಬೇಕಾದ ಮಿತಿ, ಕಣ್ಣೆದುರಿಗೆ ಬಂತು. ಉಳಿದದ್ದು ಚಿಲ್ಲರೆ. ಆ ಚಿಲ್ಲರೆಯಲ್ಲಿ ಬುಲ್‌ಪೆನ್ ಕಟ್ಟಿದರು: ಬೇರೆಯವರು ಬಿಟ್ಟವರು, ವಯಸ್ಸಾದವರು, ಇನ್ನೂ ಬೇಯದ ಹುಡುಗರು.

ಮದುವೆಗೆ ಮಂಟಪ, ಬಂಗಾರ, ಓಲಗ ಎಲ್ಲಕ್ಕೂ ಖರ್ಚು ಮಾಡಿ ಅಡುಗೆಯವರ ಹತ್ತಿರ ಚೌಕಾಸಿ ಮಾಡಿದಂತೆ. ಬಂದವರು ಮನೆಗೆ ಹೋಗಿ ಮಾತನಾಡುವುದು ಊಟದ ಬಗ್ಗೆ ಮಾತ್ರ. ಋತು ಮುಗಿದು ವಾರ ತುಂಬುವ ಮೊದಲೇ ಜನರಲ್ ಮ್ಯಾನೇಜರ್ ಮ್ಯಾಟ್ ಕ್ಲೆಂಟಕ್ ಹುದ್ದೆ ಬಿಟ್ಟರು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಚೆರಿಹಿಲ್ ಅವರೇ, ಸೆಪ್ಟೆಂಬರ್ 27ನ್ನು ನೀವು ಏಕೆ ಹೇಳಲಿಲ್ಲ?

ಚೆರಿಹಿಲ್ ಕನ್ನಡಿಗ:

ಹೇಳಬೇಕಾಗುತ್ತದೆ ಎಂದು ಗೊತ್ತಿತ್ತು.

ಲೆಕ್ಕದ ಪುಸ್ತಕ:

ಕೊನೆಯ ದಿನ. ಟ್ಯಾಂಪಾ ಬೇ ತಂಡದ ಎದುರು ಪಂದ್ಯ. ಫಿಲೀಸ್ ಗೆಲ್ಲಬೇಕು, ಮಿಲ್ವಾಕಿ ಸೋಲಬೇಕು, ಸ್ಯಾನ್‌ಫ್ರಾನ್ಸಿಸ್ಕೊ ಸೋಲಬೇಕು. ಮಿಲ್ವಾಕಿ ಸೋತಿತು. ಸ್ಯಾನ್‌ಫ್ರಾನ್ಸಿಸ್ಕೊ ಕೂಡ ಸೋತಿತು. ಹರಕೆ ಹೊತ್ತರೂ ಹೀಗೆ ಕೂಡಿಬರುವುದಿಲ್ಲ. ಫಿಲೀಸ್ ಗಳಿಸಿದ ರನ್ ಎಷ್ಟು? ಸೊನ್ನೆ. 5–0 ಸೋಲು. ಕೊನೆಯ ಎಂಟು ಪಂದ್ಯಗಳಲ್ಲಿ ಏಳು ಸೋಲು. ಸೊನ್ನೆ ರನ್ ಗಳಿಸಿದ ದಿನ ಬುಲ್‌ಪೆನ್‌ನಲ್ಲಿ ಯಾಂಕೀಸ್‌ನ ದಂತಕತೆ ಕ್ಲೋಸರ್ ಮರಿಯಾನೊ ರಿವೆರಾ ಇದ್ದರೂ ಗೆಲ್ಲುವಂತಿಲ್ಲ. ಋತುವನ್ನು ಬುಲ್‌ಪೆನ್ ಒಂದೇ ನುಂಗಿತು ಎಂಬ ನಿಮ್ಮ ಮಾತು ಅಲ್ಲಿಗೆ ನಿಲ್ಲುವುದಿಲ್ಲ.

ಪೊಟೊಮ್ಯಾಕ್ ತೀರ:

ಅದೇ ಮಾರ್ಲಿನ್ಸ್ ಅರ್ಧಕ್ಕರ್ಧ ತಂಡ ಆಸ್ಪತ್ರೆ ಪಟ್ಟಿಗೆ ಸೇರಿ, ಯಾರ‍್ಯಾರನ್ನೋ ಕರೆತಂದು ಎಸೆಸಿ 31–29ರಲ್ಲಿ ಪ್ಲೇಆಫ್‌ಗೆ ಹೋಯಿತು ಎಂಬುದನ್ನೂ ಸೇರಿಸಿ. ವೇಳಾಪಟ್ಟಿಯ ನೆಪ ಅವರ ಎದುರು ನಡೆಯುವುದಿಲ್ಲ.

ದಕ್ಷಿಣ ಫಿಲಿ:

ನೀವಿಬ್ಬರೂ ಪುಸ್ತಕ ನೋಡಿ ಆಟ ನೋಡುತ್ತೀರಿ. 27ನೆಯ ತಾರೀಖಿಗೆ ಆ ತಂಡ ಯಾವ ಸ್ಥಿತಿಯಲ್ಲಿತ್ತು ಎಂದು ಯೋಚಿಸಿ. ಎರಡು ತಿಂಗಳು ದಿನಾಲೂ, ನಾಲ್ಕು ರನ್ ಮುನ್ನಡೆ ಸಾಲದು, ಆರು ಬೇಕು, ಆರೂ ಸಾಲದು ಎಂದು ಬ್ಯಾಟ್ ಹಿಡಿದವರು. ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು. ಮುಂದಿನ ಪಾಳಿಯವರು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂಬ ಅನುಮಾನ ಒಮ್ಮೆ ಬಂದರೆ ನಿಮ್ಮ ಪಾಳಿಯ ಕೆಲಸವೇ ಬದಲಾಗುತ್ತದೆ. ಎರಡೆರಡು ಸಲ ಪರೀಕ್ಷಿಸುತ್ತೀರಿ, ಹೊತ್ತು ಮೀರಿ ನಿಲ್ಲುತ್ತೀರಿ, ಮೂರನೆಯ ವಾರಕ್ಕೆ ನಿಮ್ಮ ಕೈಯಲ್ಲೇ ತಪ್ಪಾಗುತ್ತದೆ. ಆ ತಪ್ಪಿನ ಮೇಲೆ ನಿಮ್ಮ ಹೆಸರೇ ಇರುತ್ತದೆ, ಅವರದ್ದಲ್ಲ.

ಲೆಕ್ಕದ ಪುಸ್ತಕ:

ಇದನ್ನು ಅಳೆಯುವ ಸಂಖ್ಯೆ ನನ್ನ ಬಳಿ ಇಲ್ಲ ಅಕ್ಕ. ಇಲ್ಲವೆಂದ ಮಾತ್ರಕ್ಕೆ ಸುಳ್ಳು ಎನ್ನಲಾರೆ, ನಿಜ ಎಂದೂ ಒಪ್ಪಲಾರೆ.

ಚೆರಿಹಿಲ್ ಕನ್ನಡಿಗ:

ನಾನು ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬುಲ್‌ಪೆನ್ ಒಂದೇ ಮುಳುಗಿಸಿತು ಎನ್ನುವುದಿಲ್ಲ. ಕೆಟ್ಟ ಬುಲ್‌ಪೆನ್‌ನ ಹಾನಿ ಏಳನೆಯ ಇನ್ನಿಂಗ್ಸ್‌ನಲ್ಲಿ ಶುರುವಾಗುವುದಿಲ್ಲ, ಅದು ಹಿಂದಕ್ಕೆ ಹರಿಯುತ್ತದೆ ಎನ್ನುತ್ತೇನೆ. ಆರನೆಯದರಲ್ಲಿ ಬೆವರುತ್ತಿರುವ ಆರಂಭಿಕನನ್ನು ತೆಗೆಯಬೇಕೋ ಬೇಡವೋ ಎಂಬಲ್ಲಿಗೆ, ಮೂರನೆಯದರಲ್ಲಿ ಒಂದು ರನ್‌ಗಾಗಿ ಮೆಲ್ಲಗೆ ತಟ್ಟಿ ಬಂಟ್ ಮಾಡಬೇಕೋ ದೊಡ್ಡದಕ್ಕೆ ಬೀಸಬೇಕೋ ಎಂಬಲ್ಲಿಗೆ. ಗಿರಾರ್ಡಿಯ ಪಾಡು ನೋಡಿ. ನ್ಯೂಯಾರ್ಕ್ ಯಾಂಕೀಸ್‌ನಲ್ಲಿ ವರ್ಷಗಟ್ಟಲೆ ಒಂಬತ್ತನೆಯ ಇನ್ನಿಂಗ್ಸ್ ಎಂದರೆ ರಿವೆರಾ, ಯೋಚನೆಯೇ ಬೇಡ. 2009ರ ವಿಶ್ವ ಸರಣಿಯಲ್ಲಿ ನಮ್ಮನ್ನೇ ಹಾಗೆ ಮುಗಿಸಿದವರು. ಅಂಥವರು ಇಲ್ಲಿಗೆ ಬಂದ ಮೊದಲ ವರ್ಷ ಫೋನ್ ಎತ್ತಿದಾಗ ಆ ಕಡೆ ಯಾರಿದ್ದರು?

ಹೊಸಬ:

ಹಾಗಾದರೆ ಒಳ್ಳೆಯ ಬುಲ್‌ಪೆನ್ ಇದ್ದರೆ ಈ ಭಯ ಹೋಗುತ್ತದೆಯೇ?

ದಕ್ಷಿಣ ಫಿಲಿ:

ಅಯ್ಯೋ ತಮ್ಮ, ಅದನ್ನು ನಮ್ಮನ್ನು ಕೇಳಬಾರದಿತ್ತು.

2022ರ ನವೆಂಬರ್ 5, ಹ್ಯೂಸ್ಟನ್, ವಿಶ್ವ ಸರಣಿಯ ಆರನೆಯ ಪಂದ್ಯ. 1–0 ಮುಂದಿದ್ದೇವೆ. ವ್ಹೀಲರ್ 70 ಎಸೆತ ಎಸೆದಿದ್ದಾನೆ, ಅಷ್ಟೇ. ಆರನೆಯ ಇನ್ನಿಂಗ್ಸ್, ಇಬ್ಬರು ಬೇಸ್ ಮೇಲೆ. ಮ್ಯಾನೇಜರ್ ರಾಬ್ ಥಾಮ್ಸನ್ ಬಂದು ಚೆಂಡು ತೆಗೆದುಕೊಂಡು ಹೋಸೆ ಆಲ್ವರಾಡೊ ಕೈಗಿಟ್ಟರು. ಈ ಆಲ್ವರಾಡೊ ಯಾರು? 2020ರ ಕೆಟ್ಟ ಬುಲ್‌ಪೆನ್ ರಿಪೇರಿ ಮಾಡಲು ಆ ಡಿಸೆಂಬರ್‌ನಲ್ಲಿ ತಂದ ಮೊದಲಿಗರಲ್ಲಿ ಒಬ್ಬ. ನಂಬಿಕೆಯ ಮನುಷ್ಯ. ಯೊರ್ಡಾನ್ ಆಲ್ವಾರೆಜ್ ಹೊಡೆದ ಚೆಂಡು ಎಲ್ಲಿಗೆ ಹೋಯಿತೋ ಇನ್ನೂ ನನಗೆ ಕನಸಿನಲ್ಲಿ ಬರುತ್ತದೆ. ಮೂರು ರನ್. 4–1. ಮುಗಿಯಿತು.

2023ರಲ್ಲಿ ಅರಿಝೋನಾ ಎದುರು ಪ್ಲೇಆಫ್ ಸರಣಿಯಲ್ಲಿ 2–0 ಮುಂದಿದ್ದೆವು. ಮೂರನೆಯ, ನಾಲ್ಕನೆಯ ಎರಡೂ ಪಂದ್ಯ ಕ್ರೇಗ್ ಕಿಂಬ್ರೆಲ್ ಕೈಯಲ್ಲಿ ಹೋದವು, ಸರಣಿ ಏಳರಲ್ಲಿ ಹೋಯಿತು. 2024ರಲ್ಲಿ ಮೆಟ್ಸ್ ಎದುರು ಮೊದಲ ಪಂದ್ಯ: ವ್ಹೀಲರ್ ಏಳು ಇನ್ನಿಂಗ್ಸ್, ಒಂದೇ ಹಿಟ್, ರನ್ ಇಲ್ಲ. ಎಂಟನೆಯದರಲ್ಲಿ ಆ ವರ್ಷ ಆಲ್‌ಸ್ಟಾರ್ ಆಗಿದ್ದ ಹಾಫ್‌ಮನ್, ಸ್ಟ್ರಾಮ್ ಇಬ್ಬರೂ ಬಂದರು. ಐದು ರನ್. ಆ ಸರಣಿ ಮುಗಿದದ್ದು ಲಿಂಡೋರ್‌ನ ಗ್ರ್ಯಾಂಡ್ ಸ್ಲ್ಯಾಮ್‌ನಿಂದ (ನಾಲ್ಕು ರನ್ ತರುವ ಹೋಮ್ ರನ್), ಅದನ್ನು ಕೊಟ್ಟವನೂ ಬದಲಿ ಪಿಚರ್ರೇ, ಎಸ್ಟೆವೆಜ್. ಹಳಬರಿಗೆ 1993ರ ಅಕ್ಟೋಬರ್ 23, ಮಿಚ್ ವಿಲಿಯಮ್ಸ್, ಅವನ ಎಸೆತಕ್ಕೆ ಹೋಮ್ ರನ್ ಹೊಡೆದು ವಿಶ್ವ ಸರಣಿ ಮುಗಿಸಿದ ಜೋ ಕಾರ್ಟರ್ ಎಂದರೆ ಸಾಕು, ಮಾತು ನಿಲ್ಲಿಸುತ್ತಾರೆ.

ನಗುವುದಕ್ಕೂ ಒಂದಿದೆ. ಮೊಣಕೈ ಕೆಟ್ಟು 2020 ಪೂರ್ತಿ ಮನೆಯಲ್ಲಿದ್ದ ರಾಬರ್ಟ್‌ಸನ್ 2022ರಲ್ಲಿ ಮತ್ತೆ ನಮ್ಮಲ್ಲಿಗೆ ಬಂದ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಹಾರ್ಪರ್ ಹೋಮ್ ರನ್ ಹೊಡೆದ ಖುಷಿಗೆ ಎಗರಿ ಮೀನಖಂಡ ಎಳೆಸಿಕೊಂಡು ಮುಂದಿನ ಸುತ್ತಿಗೆ ಇಲ್ಲವಾದ. ಎಸೆಯುವಾಗ ಅಲ್ಲ, ಕುಣಿಯುವಾಗ.

ಸರಸ್ವತಿಪುರಂ ಆಫ್‌ಸ್ಪಿನ್:

ಈ ತಾಯಿಯ ತಾಳ್ಮೆಯ ಎದುರು ಹದಿನೇಳು ವರ್ಷ ಕಾದ ನಾವು ಆರ್‌ಸಿಬಿಯವರು ಏನೂ ಅಲ್ಲ. ನಾವು 2025ರಲ್ಲಿ ಕಪ್ ಎತ್ತಿದ್ದಾದರೂ ಹೇಗೆ? ಕೊನೆಯ ಓವರ್ ಹೇಝಲ್‌ವುಡ್ ಕೈಯಲ್ಲಿತ್ತು, ಆರು ರನ್ ಅಂತರ ಉಳಿಯಿತು.

ಲೆಕ್ಕದ ಪುಸ್ತಕ:

ಆ ಓವರ್‌ನಲ್ಲಿ ಶಶಾಂಕ್ ಸಿಂಗ್ ಮೂರು ಸಿಕ್ಸರ್ ಹೊಡೆದದ್ದನ್ನು ಮರೆಯಬೇಡಿ. ಮುನ್ನಡೆ ದೊಡ್ಡದಿತ್ತು, ಅಷ್ಟೇ.

ಸರಸ್ವತಿಪುರಂ ಆಫ್‌ಸ್ಪಿನ್:

ಗೆದ್ದದ್ದನ್ನೂ ನೆಮ್ಮದಿಯಾಗಿ ನೆನಪಿಸಿಕೊಳ್ಳಲು ಬಿಡುವುದಿಲ್ಲ ನೀವು.

ಪೊಟೊಮ್ಯಾಕ್ ತೀರ:

ಚೆರಿಹಿಲ್ ಅವರೇ, ಅಪ್ಪ ಈಗಲೂ ನೋಡುತ್ತಾರೆಯೇ?

ಚೆರಿಹಿಲ್ ಕನ್ನಡಿಗ:

ನೋಡುತ್ತಾರೆ. ಮೈಸೂರಿನಲ್ಲಿ ಬೆಳಗಿನ ಹೊತ್ತು ಬರುತ್ತದೆ, ಮೊಬೈಲ್‌ನಲ್ಲಿ. 2025ರ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್ ಎದುರಿನ ನಾಲ್ಕನೆಯ ಪಂದ್ಯ 11ನೆಯ ಇನ್ನಿಂಗ್ಸ್‌ಗೆ ಹೋದಾಗ ಅಲ್ಲಿ ಬೆಳಕು ಹರಿದಿತ್ತು. ಬೇಸ್‌ಗಳು ಭರ್ತಿ, ಇಬ್ಬರು ಔಟ್. ಬುಲ್‌ಪೆನ್‌ನಿಂದ ಬಂದಿದ್ದ ಒರಾಯನ್ ಕರ್ಕರಿಂಗ್ ಕಾಲ ಬಳಿಗೆ ಚೆಂಡು ಉರುಳಿ ಬಂತು. ಮೊದಲ ಬೇಸ್‌ಗೆ ಎಸೆದಿದ್ದರೆ ಇನ್ನಿಂಗ್ಸ್ ಮುಗಿಯುತ್ತಿತ್ತು. ಗಡಿಬಿಡಿಯಲ್ಲಿ ಹೋಮ್ ಪ್ಲೇಟ್ ಕಡೆಗೆ ಎಸೆದ, ಕ್ಯಾಚರ್‌ನನ್ನು ದಾಟಿ ಹೋಯಿತು. 2–1. ಋತು ಮುಗಿಯಿತು.

ನಾನು ಹತ್ತು ನಿಮಿಷ ಬಿಟ್ಟು ಕರೆ ಮಾಡಿದೆ. ಅಮ್ಮ ಎತ್ತಿಕೊಂಡು, "ಅವರು ಒಲೆ ಮುಂದೆ ನಿಂತಿದ್ದಾರೆ, ಹಾಲು ಇಟ್ಟಿದ್ದಾರೆ, ಆಮೇಲೆ ಮಾಡು" ಎಂದರು.